ಅತ್ತಿಗೆಯ ಮಾತ್ರೆ

"ಎಣಿಸ್ಕೊಳಮ್ಮ, ಒಂದೂ ಉಳಿದಿಲ್ಲ!" ಎನ್ನುತ್ತ ಟೈಲರಣ್ಣ ಚೀಲ ಬೋರಲು ಹಾಕಿದ. ಮೆಡಿಕಲ್ ಶಾಪಿನ ಗಾಜಿನ ಮೇಲೆ ಖಾಲಿ ಸ್ಟ್ರಿಪ್ಪುಗಳು ಚರಪರ ಬಿದ್ದವು.

ಈ ತಿಂಗಳಿಂದ ಹೊಸ ಪದ್ಧತಿ. ಜನ ಮಾತ್ರೆ ಕೊಂಡು ಡಬ್ಬಿಯಲ್ಲಿ ಕೂಡಿಡುತ್ತಾರೆಂದು ಡಾಕ್ಟರೂ ಅಂಗಡಿಯಾಕೆಯೂ ಮಾತಾಡಿಕೊಂಡಿದ್ದರು. ಹಳೇ ಸ್ಟ್ರಿಪ್ ತೋರಿಸಿದರೇ ಹೊಸದು. ಮಾತ್ರೆ ಉಳಿದಿದ್ದರೆ ಈಕೆ ಫೋನ್ ಮಾಡಬೇಕು, ಅವರು ಚೀಟಿಯಲ್ಲಿ ಕಡಿಮೆ ಮಾಡಬೇಕು. ಹೋದ ತಿಂಗಳೇ ಎಲ್ಲರಿಗೂ ಹೇಳಿ ಕಳಿಸಿದ್ದಳು.

"ಅತ್ತಿಗೆ ಹೇಗಿದಾರಣ್ಣ?"

"ಅವಳಿಗೇನು ಕಮ್ಮಿ? ನಿನ್ನೆ ಲಿಫ್ಟ್ ಕೆಟ್ಟಿತ್ತು. ಎರಡು ಕೈಲಿ ಎರಡು ಬಕೆಟ್ ನೀರು ಹಿಡ್ಕೊಂಡು ಮೂರು ಮಹಡಿ ಹತ್ತಿದ್ಲು. ನಾನು ಬರಿಗೈಲಿ ಹಿಂದೆ ಏದುಸಿರು ಬಿಡ್ತಿದ್ದೆ. ಮೇಲೆ ನಿಂತು, 'ನಿಮ್ಮನ್ನೂ ಎತ್ಕೊಂಡ್ಬರ್ಲಾ' ಅಂತಾಳೆ!"

ಅಂಗಡಿಯಾಕೆ ನಕ್ಕಳು.

ಟೈಲರಣ್ಣನ ಹೆಂಡತಿ ತನ್ನ ತಂಗಿಯ ಊರಿಗೆ ಹೋದವಳು ಅಲ್ಲೇ ತೀರಿಕೊಂಡು ಏಳು ತಿಂಗಳಾಗಿತ್ತು. ಗೊತ್ತಿದ್ದವರು ಈಗ ಅವಳ ಸುದ್ದಿ ಎತ್ತದೆ ಬಿಸಿಲು, ಚಳಿ ಅಂತ ಮಾತಾಡಿ ಜಾರಿಕೊಳ್ಳುತ್ತಿದ್ದರು. ಹೇಗಿದಾರೆ ಎಂದು ಕೇಳುವ ಜಾಗ ಇದೊಂದೇ ಉಳಿದಿತ್ತು. ಆ ಒಂದು ಪ್ರಶ್ನೆಗಾಗಿ ನಿನ್ನೆ ಮಧ್ಯಾಹ್ನವೆಲ್ಲ ಕೂತು, ಹೋದ ತಿಂಗಳ ಮಾತ್ರೆಗಳನ್ನು ಹೆಬ್ಬೆರಳು ಉರಿಯುವ ತನಕ ಒತ್ತಿ ಒತ್ತಿ ಪಾತ್ರೆಗೆ ಬೀಳಿಸಿದ್ದ.

ಅಂಗಡಿಯಾಕೆಯ ಕೈ ಒಂದು ಸಣ್ಣ ಸ್ಟ್ರಿಪ್ಪಿನ ಮೇಲೆ ನಿಂತಿತು.

"ಅಣ್ಣ, ಇದು ಎದೆನೋವು ಬಂದ್ರೆ ಮಾತ್ರ ನಾಲಿಗೆ ಕೆಳಗೆ ಇಟ್ಕೊಳೋದು. ಹತ್ತೂ ಖಾಲಿ?"

"ಅದು... ಅವಳಿಗೆ ರುಚಿ ಹಿಡಿಸ್ಬಿಟ್ಟಿದೆ ಕಣಮ್ಮ, ಪೆಪ್ಪರ್‌ಮೆಂಟ್ ಥರ."

ಈ ಸಲ ಆಕೆ ನಗಲಿಲ್ಲ. ಆಗಲೇ ಫೋನ್ ಕಿವಿಗೆ ಹೋಗಿತ್ತು. ಹೂಂ ಸರ್, ಹತ್ತು ಸರ್, ಒಂದೇ ತಿಂಗಳಲ್ಲಿ ಸರ್.

"ಡಾಕ್ಟ್ರು ಹೊರಟ್ರು, ನಿಮ್ಮನೆಗೇ ಬರ್ತಾರಂತೆ. ಇಂಥವರ ಕೈಲಿ ಬಕೆಟ್ ಹೊರಿಸ್ತೀರಲ್ಲ, ಬುದ್ಧಿ ಬೇಡ್ವಾ? ನಡೀರಿ, ನಾನೂ ಬರ್ತೀನಿ."

ಆಕೆ ಷಟರ್ ಅರ್ಧ ಎಳೆದಳು. ಹಿಂದೆ ನಿಂತಿದ್ದ ನಾಲ್ಕು ಜನ ದಾರಿ ಬಿಟ್ಟರು.

"ಅವಳು ಮನೇಲಿಲ್ಲ, ತಂಗಿ ಊರಲ್ಲಿ..." ಎಂದು ಶುರುಮಾಡಿದ. ಇನ್ನೊಂದು ಕಥೆ ನಾಲಿಗೆ ತುದಿಗೆ ಬಂದಿತ್ತು. ಆದರೆ ಆಕೆ ಗಾಬರಿಯಲ್ಲಿ ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ತುರುಕುತ್ತಿದ್ದಳು.

"ಬೇಡಮ್ಮ. ಅವ್ರಿಗೂ ಬರೋದು ಬೇಡ ಅನ್ನು. ಅವಳು ತೀರ್ಕೊಂಡು ಏಳು ತಿಂಗಳಾಯ್ತು."

ಆಕೆ ಮತ್ತೆ ಫೋನ್ ಮಾಡಿ, ದನಿ ತಗ್ಗಿಸಿ ಎರಡೇ ಮಾತಾಡಿದಳು. ಷಟರ್ ಮೇಲೆ ಹೋಯಿತು.

"ಮನೇಲಿರೋ ಮಾತ್ರೆ ಎಲ್ಲಾ ತಂದ್ಕೊಡಿ ಅಣ್ಣ" ಎಂದಳು. ಇನ್ನೇನೋ ಕೇಳಲು ಬಾಯಿ ತೆರೆದವಳು ಖಾಲಿ ಸ್ಟ್ರಿಪ್ಪುಗಳನ್ನು ಗಾಜಿನ ಮೇಲಿಂದ ಬಳಿದು ತೆಗೆದಳು.

"ಆಯ್ತಮ್ಮ."

ಹಿಂದಿನವನು ಚೀಟಿ ಚಾಚಿದ. ಜಾಗ ಬಿಡಲು ಟೈಲರಣ್ಣ ಪಕ್ಕಕ್ಕೆ ಸರಿದು ಬಾಗಿಲ ಬಳಿಯ ತೂಕದ ಯಂತ್ರದ ಮೇಲೆ ಹತ್ತಿ ನಿಂತ. ಮನೆಯವರು ಹೇಗಿದಾರೆ ಎಂಬ ಆಕೆಯ ಪ್ರಶ್ನೆಗೆ ಉತ್ತರ ಹೇಳಿ, ಒಬ್ಬೊಬ್ಬರೇ ಮಾತ್ರೆ ತಗೊಂಡು ಅವನನ್ನು ಬಳಸಿ ಮೆಟ್ಟಿಲಿಳಿದರು. ಕಾಲ ಬಳಿ ಮುಳ್ಳು ಅತ್ತಿತ್ತ ಓಲಾಡಿ ನಿಂತಿತು. ಅವನು ಕೆಳಗೆ ನೋಡಲಿಲ್ಲ.