ಹತ್ತಿರ ಇದ್ದವರಷ್ಟೇ ಕಾಣುವ ಲೆನ್ಸ್

ತೊಂಬತ್ತಾರನೇ ಇಸವಿಯ ಶ್ರಾವಣ. ಜಡೆ ಊರಿನ ಬಸವಣ್ಣೆಮ್ಮ ಬೆಳಗಿನ ಜಾವ ಲಿಂಗೈಕ್ಯಳಾದಳು. ಕ್ಯಾಮೆರಾ ಕಂಡರೆ ಸಾಕು, ಸೆರಗನ್ನು ಮುಖಕ್ಕೆ ಎಳೆದುಕೊಂಡೇ ಬಾಳಿದ ಜೀವ ಅದು. ಹಾಗಾಗಿ ಮಗಳು ಮಾಳಮ್ಮ ಮೊದಲ ಬಸ್ಸಿಗೇ ಶಿರಾಳಕೊಪ್ಪಕ್ಕೆ ಬಂದು ಈಶ್ವರನ ಸ್ಟುಡಿಯೋ ಬಾಗಿಲು ಬಡಿದಳು.

“ಅವ್ವಂದು ಒಂದು ಫೋಟೋನೂ ಇಲ್ಲ ಈಶ್ವರಣ್ಣ. ಸಂಜಿಗೆ ಮಣ್ಣು. ಅವ್ವನ ಎಡಕ್ಕೊಬ್ರು ಬಲಕ್ಕೊಬ್ರು ಅಣ್ಣಂದಿರು ಕೂತಿರೋ ಹಂಗೆ ಒಂದು ತೆಗೆದುಕೊಡು. ಹೊಲ-ಮನಿ ಹಿಸ್ಸೆ ಆದ್ಮೇಲೆ ಅವರಿಬ್ರೂ ಒಂದೇ ಚಾಪೆ ಮೇಲೆ ಕೂತಿದ್ದೇ ಇಲ್ಲ. ಇನ್ನು ಕೂರೋದೂ ಇಲ್ಲ.”

ಈಶ್ವರನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಆದರೆ ಹೊಸ ಕ್ಯಾಮೆರಾದ ಲೆನ್ಸ್ ಮದುವೆಯೊಂದರಲ್ಲಿ ಕೈಜಾರಿ ಬಿದ್ದು, ರಿಪೇರಿಗೆಂದು ಹುಬ್ಬಳ್ಳಿ ಸೇರಿತ್ತು. ಊರಿನ ಇನ್ನೊಬ್ಬ ಫೋಟೋಗ್ರಾಫರ್ ಪರಸ್ಥಳಕ್ಕೆ ಹೋಗಿದ್ದ. ಬೀರುವಿನಲ್ಲಿ ಉಳಿದಿದ್ದದ್ದು ಅಪ್ಪನ ಕಾಲದ ಲೆನ್ಸ್ ಒಂದೇ. ಅದರ ಕ್ಯಾಮೆರಾ ಎಂದೋ ಕೆಟ್ಟುಹೋಗಿತ್ತು. ಲೆನ್ಸಿನ ಒಳಗೆಲ್ಲ ಬೂಷ್ಟು. ಮೇಲಾಗಿ ಅದು ಹೊಸ ಕ್ಯಾಮೆರಾದ ಬಾಯಿಗೆ ಕೂರುವಂಥದ್ದೂ ಅಲ್ಲ. ಆದರೂ ಆ ಲೆನ್ಸು, ಹೊಸ ಕ್ಯಾಮೆರಾ ಎರಡನ್ನೂ ಹಿಡಿದುಕೊಂಡು ಗಡಿಯಾರ ರಿಪೇರಿಯ ಮಸ್ತಾನ್ ಸಾಬರ ಅಂಗಡಿಗೆ ಓಡಿದ.

“ಏನಪ್ಪ ಈಶ್ವರಪ್ಪ, ಬೂಷ್ಟು ಹಿಡಿದ ಉಪ್ಪಿನಕಾಯಿ ಜಾಡಿ ತಂದೀಯಲ್ಲ!” ಎಂದ ಸಾಬರು, ಹಿಂದೆ ನಿಂತ ಮಾಳಮ್ಮನ ಮುಖ ನೋಡಿ ನಗೆ ನುಂಗಿಕೊಂಡರು. ಕೈಯಲ್ಲಿದ್ದ ಗಡಿಯಾರ ಪಕ್ಕಕ್ಕೆ ಹೋಯಿತು.

ಲೆನ್ಸಿನ ಸುತ್ತುಗಳನ್ನು ಬಿಚ್ಚಿ, ಗಾಜುಗಳನ್ನು ತೆಗೆದ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲಿಟ್ಟರು. ಒಳಗಾಜಿನ ಮೇಲೆ ಜೇಡನ ಬಲೆಯಂತೆ ಬೂಷ್ಟು ಹಬ್ಬಿತ್ತು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ನಡುವಿನಿಂದ ಅಂಚಿಗೆ, ಮಗುವಿನ ಕಣ್ಣು ಒರೆಸುವವರ ಹಾಗೆ ಒರೆಸಿದರು. ಅಂಚಿನಲ್ಲೊಂದು ಕಲೆ ಗಾಜನ್ನೇ ತಿಂದಿತ್ತು, ಅದು ಹೋಗಲಿಲ್ಲ. ಗಾಜುಗಳನ್ನು ಮತ್ತೆ ಜೋಡಿಸಿದ ಮೇಲೆ, ಕ್ಯಾಮೆರಾದ ಬಾಯಿಗೆ ಹಾಕುವ ಪ್ಲಾಸ್ಟಿಕ್ ಮುಚ್ಚಳವನ್ನು ದುಂಡಗೆ ಕೊರೆದು, ಆ ತೂತಿಗೆ ಲೆನ್ಸನ್ನು ಬಿಗಿಯಾಗಿ ತಿರುಗಿಸಿ ಕೂರಿಸಿದರು.

ಈಶ್ವರ ಕಣ್ಣಿಟ್ಟು ನೋಡಿದ. ಎದುರು ರಸ್ತೆಯ ಬಸ್ಸು ಬರೀ ಮಂಜು. ಎಷ್ಟು ತಿರುಗಿಸಿದರೂ ಮಂಜೇ. ಸಾಬರ ಗಡ್ಡದ ಕೂದಲು ಮಾತ್ರ ಒಂದೊಂದೂ ಎಣಿಸುವಷ್ಟು ಸ್ಪಷ್ಟ.

“ಮುಚ್ಚಳದ ದಪ್ಪಕ್ಕೆ ಲೆನ್ಸು ಮುಂದೆ ಬಂದೈತೆ. ದೂರದ್ದು ಹಿಡಿಯಲ್ಲ. ಒಂದೂವರೆ ಮಾರು, ಅಷ್ಟೇ. ಹಿಂದೆ ಸರಿಬೇಡ.”

ಜಡೆಯಲ್ಲಿ ಭಜನೆ ನಡೆದಿತ್ತು. ಒಳಗೆ ಕತ್ತಲೆಯೆಂದು, ವಿಭೂತಿ ಹಚ್ಚಿ ಕೂರಿಸಿದ್ದ ಬಸವಣ್ಣೆಮ್ಮನನ್ನು ಜಗಲಿಯ ಬೆಳಕಿಗೆ ತಂದರು. ಹಿರಿಯ ಮಗ ರಾಜಪ್ಪ ಒಂದು ಕಂಬದ ಬಳಿ, ಕಿರಿಯ ಚನ್ನೇಶ ಇನ್ನೊಂದು ಕಂಬದ ಬಳಿ. ಈಶ್ವರ ಕ್ಯಾಮೆರಾ ಎತ್ತಿದ. ತಾಯಿ ತಿಳಿಯಾಗಿ ಕಂಡಳು, ಮಕ್ಕಳು ಚೌಕಟ್ಟಿನಾಚೆ. ಎರಡು ಹೆಜ್ಜೆ ಹಿಂದಿಟ್ಟ. ಮೂವರೂ ಮಂಜಾದರು.

“ರಾಜಪ್ಪಣ್ಣ, ಹತ್ರ ಬರ್ರಿ. ಚನ್ನೇಶಣ್ಣ, ನೀವೂ.”

“ನೀನೇ ಹಿಂದಕ್ಕೆ ಹೋಗೋ. ಇಷ್ಟಗಲ ಅಂಗಳ ಐತಲ್ಲ,” ಎಂದ ರಾಜಪ್ಪ.

“ಹಿಂದಕ್ಕೆ ಹೋದ್ರೆ ಅವ್ವ ಕಾಣಂಗಿಲ್ರಿ. ಈ ಲೆನ್ಸಿಗೆ ಹತ್ರ ಇದ್ದೋರು ಮಾತ್ರ ಸಿಗೋದು.”

ಯಾರೂ ಅಲುಗಲಿಲ್ಲ. ಮೂಲೆಯಲ್ಲಿ ಕೂತಿದ್ದ ನೆರೆಮನೆಯ ಮುದುಕಿ ಮಾಸ್ತಮ್ಮ ಕೂಗಿದಳು: “ಸಣ್ಣೋರಿದ್ದಾಗ ಆಕಿ ಮೈಗೆ ಉಣ್ಣಿ ಹಂಗೆ ಅಂಟಿಕೊಂಡಿದ್ರಿ! ಈಗೇನ್ರೋ ನಾಚಿಕಿ?”

ಚನ್ನೇಶ ತಲೆತಗ್ಗಿಸಿ ಬಂದ. ರಾಜಪ್ಪನೂ ಬಂದು ಕೂತ. ಅಲ್ಲಿಯವರೆಗೆ ಹಿಂದಿನಿಂದ ಹಿಡಿದಿದ್ದವರು ಫೋಟೋಗೆಂದು ಸರಿದಾಗ, ಗೋಡೆಯ ಆಸರೆಯಿಲ್ಲದ ದೇಹ ವಾಲತೊಡಗಿತು. ಎರಡು ಕಡೆಯಿಂದಲೂ ಎರಡು ಕೈ ಬೆನ್ನ ಹಿಂದೆ ಹೋದವು. ಮೋಡದ ಬೆಳಕು ಸಾಲದೆಂದು ಈಶ್ವರ ಷಟರು ನಿಧಾನಕ್ಕೆ ಮುಚ್ಚುವಂತೆ ಇಟ್ಟ.

“ಉಸಿರು ಹಿಡೀರಿ.”

ಭಜನೆಯ ತಾಳ ನಿಂತಿತು. ಮನಸ್ಸಿನಲ್ಲೇ ಶಿವನನ್ನು ನೆನೆದು ಗುಂಡಿ ಒತ್ತಿದ.

“ಆಯ್ತು.”

ಜನ ದೇಹ ಹೊರಲು ಹೂವಿನಿಂದ ಕಟ್ಟಿದ್ದ ವಿಮಾನದ ಕಡೆ ತಿರುಗಿದರು. ಅಣ್ಣತಮ್ಮಂದಿರು ಮಾತ್ರ ಏಳಲಿಲ್ಲ. ಮಾಳಮ್ಮ ಬಾಯಿಗೆ ಸೆರಗೊತ್ತಿಕೊಂಡು ನೋಡುತ್ತಿದ್ದಳು.

“ನೀ ಮೊದ್ಲು ಕೈ ಬಿಡಣ್ಣ,” ಎಂದ ಚನ್ನೇಶ, ಮುಖ ನೋಡದೆ.

“ಬಿಟ್ರೆ ಅವ್ವ ನಿನ್ನ ಮೇಲೆ ಬೀಳ್ತಾಳೋ,” ಎಂದ ರಾಜಪ್ಪ. “ಹಿಡ್ಕೊಂಡಿರು. ಅವರು ಬಂದು ಎತ್ತೋತನಕ ಇಬ್ರೂ ಹಿಡ್ಕೊಂಡಿರಾಣ.”