ಕಾರ್ಡಿಲ್ಲದ ಮನೆ

ಸಭೆ ಶುರುವಾಗಿ ಬಹಳ ಹೊತ್ತಾಗಿತ್ತು. ರೆಜಿನಾ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ತನ್ನ ದನಿ ಯಾರಿಗೂ ಕೇಳದಂತೆ ಮಾಡಿಟ್ಟು, ನೆನೆಸಿದ ಅವರೆಕಾಳನ್ನು ಹಿತುಕುತ್ತಿದ್ದಳು. ಪರದೆಯ ಮೇಲೆ ಗುವಾಹಟಿ, ವಸಾಯಿ, ಸಿಮ್ಡೇಗಾ, ಎಲ್ಲೆಲ್ಲಿಯದೋ ಮುಖಗಳು. ಕಥೋಲಿಕ ಚರ್ಚುಗಳಲ್ಲಿ ಯುವಜನರ ಗುಂಪು ನಡೆಸುವವರೆಲ್ಲ ಸೇರಿ ದೇಶದುದ್ದಕ್ಕೂ ಕಟ್ಟಿಕೊಂಡ ಜಾಲ ಅದು. ತಿಂಗಳಿಗೊಮ್ಮೆ ಹೀಗೆ ಮಾತಾಡುತ್ತಾರೆ. ಬೆಂಗಳೂರಿನ ನಾಯಂಡಹಳ್ಳಿ ಗುಂಪಿನ ಮುಖ್ಯಸ್ಥೆ ಎಂದು ಅವಳನ್ನೂ ಸೇರಿಸಿಕೊಂಡಿದ್ದರು. ಮುಖ್ಯಸ್ಥೆಯೇನೋ ಇದ್ದಳು, ಗುಂಪೇ ಇರಲಿಲ್ಲ.

ಇದ್ದವರಲ್ಲಿ ಕೆಲವರು ಮದುವೆಯಾಗಿ ದೂರವಾದರು, ಕೆಲವರು ಬಾಡಿಗೆ ತಾಳಲಾರದೆ ಕೆಂಗೇರಿಯಾಚೆ ಹೋದರು, ಉಳಿದವರು ಇವತ್ತು ಬರ್ತೀನಿ ನಾಳೆ ಬರ್ತೀನಿ ಎಂದು ಮೂಗಿಗೆ ತುಪ್ಪ ಸವರುತ್ತಿದ್ದರು. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಕೂರುವವರೆಂದರೆ ಅವಳು ಮತ್ತು ಗಿಟಾರಿನ ಲ್ಯಾನ್ಸಿ, ಇಬ್ಬರೇ. ಹಿಂದಿನ ವಾರ ಫಾದರ್ ಚೌರಪ್ಪ ಅವಳನ್ನು ಕರೆದು ಮೆತ್ತಗೆ ವಿಷಯ ಎತ್ತಿದ್ದರು. ಕ್ರಿಸ್ಮಸ್‌ಗೆ ಮುಂಚೆ ಬಾಲ ಯೇಸುವಿನ ಪುಟ್ಟ ಪ್ರತಿಮೆ ಹೊತ್ತು ಮನೆಮನೆಯ ಬಾಗಿಲಲ್ಲಿ ಹಾಡುವ ಕ್ಯಾರಲ್‌ಗೆ ಈ ಸಲ ಜನ ಸೇರದಿದ್ದರೆ, ಗೂಡ್ಸ್ ಆಟೋದಲ್ಲಿ ಸೌಂಡ್ ಬಾಕ್ಸ್ ಇಟ್ಟು ರೆಕಾರ್ಡ್ ಹಾಡು ಹಾಕಿಸಿ ಕಳಿಸಿಬಿಡೋಣ, ಗುಂಪನ್ನೂ ಸದ್ಯಕ್ಕೆ ನಿಲ್ಲಿಸೋಣ ಎಂದಿದ್ದರು. ಈರುಳ್ಳಿ ಮಾರುವ ಹಾಗೆ ದೇವರ ಹುಟ್ಟನ್ನು ಸಾರಿಕೊಂಡು ಹೋಗುವುದೇ? ರೆಜಿನಾಳಿಗೆ ಮೈ ಉರಿದಿತ್ತು. ಅಪ್ಪ ಮರಿಯಪ್ಪ ತೀರಿಕೊಂಡಾಗ ನೆಂಟರು ಊಟ ಮಾಡಿ ಎದ್ದುಹೋದ ಮೇಲೂ ಮನೆ ತುಂಬ ಕೂತಿದ್ದವರು ಈ ಗುಂಪಿನವರು. ಅದು ತನ್ನ ಕೈಯಲ್ಲೇ ಮುಚ್ಚಿಹೋಗುತ್ತದೆಂದರೆ ಅವಳಿಗೆ ತಡೆಯಲಾಗದ ಸಂಕಟ.

ಅವಳ ಸರದಿ ಬಂದಾಗ ಕೈ ಒರೆಸಿಕೊಂಡು, ಎಲ್ಲ ಚೆನ್ನಾಗಿದೆ ಎಂದು ಹೇಳಿ ಮುಗಿಸಬೇಕೆಂದಿದ್ದಳು. ಬಾಯಿಗೆ ಬಂದದ್ದು ಮಾತ್ರ ನಿಜ. ಗುಂಪಿಲ್ಲ, ಇಬ್ಬರೇ ಉಳಿದಿದ್ದೇವೆ ಎಂದುಬಿಟ್ಟಳು. ಯಾರೂ ಉಪದೇಶ ಮಾಡಲಿಲ್ಲ. ವಸಾಯಿಯವನು ತನ್ನ ಗುಂಪೂ ಸತ್ತು ಬದುಕಿದ್ದೇ ಎಂದು ನಕ್ಕ. ಯಾವತ್ತೂ ಕಂಡಿರದ ಆ ಮನುಷ್ಯನ ನಗುವಿನಿಂದ ಅವಳ ಎದೆ ಅರ್ಧ ಹಗುರಾಯಿತು.

ಆಗ ಜಾರ್ಖಂಡಿನ ಸಿಮ್ಡೇಗಾದಿಂದ ಅಂಜೇಲಾ ಎಂಬಾಕೆ ಹಿಂದಿಯಲ್ಲಿ ಕೇಳಿದಳು: "ನಾಯಂಡಹಳ್ಳಿ ಅಂದ್ರಾ? ನಮ್ಮ ಹುಡುಗರು ಅಲ್ಲೇ ಗೋಡೌನಿನಲ್ಲಿ ಕೆಲಸಕ್ಕಿದ್ದಾರೆ. ಕ್ಯಾರಲ್‌ಗೆ ಅವರ ರೂಮಿಗೂ ಹೋಗ್ತೀರಲ್ಲ?"

ಆ ಹುಡುಗರನ್ನು ರೆಜಿನಾ ನೋಡಿದ್ದಳು. ಇಂಗ್ಲಿಷಿನಲ್ಲಿ ನಡೆಯುವ ಪೂಜೆಯಲ್ಲಿ ಹಿಂದಿನ ಕಂಬದ ಹತ್ತಿರ ನಿಂತು, ಕೊನೆಯ ಆಶೀರ್ವಾದಕ್ಕೂ ಕಾಯದೆ ಹೊರಟುಬಿಡುತ್ತಿದ್ದರು. ದಾರಿಹೋಕರಿರಬೇಕು ಅಂದುಕೊಂಡಿದ್ದಳು. ಕ್ಯಾರಲ್ ಹೋಗುವುದು ಚರ್ಚಿನ ಸದಸ್ಯರಿಗೆ ಕೊಡುವ ಕುಟುಂಬ ಕಾರ್ಡ್ ಇರುವ ಮನೆಗಳಿಗೆ, ಅದು ಹಿಂದಿನಿಂದ ಬಂದ ಪದ್ಧತಿ. ಗೋಡೌನಿನ ಹಿಂದಿನ ರೂಮಿಗೆ ಯಾವ ಕಾರ್ಡು?

"ಅವರ ಹತ್ರ ಕಾರ್ಡ್ ಇಲ್ಲ," ಎಂದಳು. ಆ ಮಾತು ಅವಳ ಕಿವಿಗೇ ಹಿತವೆನಿಸಲಿಲ್ಲ.

ಅಂಜೇಲಾ ಬೇಸರ ಮಾಡಿಕೊಳ್ಳಲಿಲ್ಲ. ಬಿನಯ್ ಎಂಬವನ ಫೋನ್ ನಂಬರ್, ರೂಮಿನ ಗುರುತು ಕಳಿಸಿದಳು. ಊರಿನಲ್ಲಿ ಗುಂಪಿಗೆ ಡೋಲು ಬಾರಿಸುತ್ತಿದ್ದವನು ಅವನೇ, ಬೆಂಗಳೂರಿಗೆ ಹೋದ ಮೇಲೆ ಹಾಡುವುದನ್ನೇ ಬಿಟ್ಟಿದ್ದಾನೆ ಎಂದು ಅವನ ತಾಯಿ ಕೊರಗುತ್ತಾಳಂತೆ.

ಮರುದಿನ ಸಂಜೆ ರೆಜಿನಾ ಲ್ಯಾನ್ಸಿಯನ್ನು ಎಳೆದುಕೊಂಡು ಹೋದಳು. ಮೆಟ್ರೋ ಕಂಬಗಳನ್ನು ದಾಟಿ, ಲಾರಿಗಳ ನಡುವೆ ನುಸುಳಿದರೆ ಒಂದು ತಗಡಿನ ಬಾಗಿಲು. ತೆರೆದ ಬಿನಯ್‌ನ ಮುಖ ಬಿಳಿಚಿಕೊಂಡಿತು. ರೂಮು ಖಾಲಿ ಮಾಡಿಸಲು ಬಂದವರೆಂದು ತಿಳಿದನೋ ಏನೋ, ಗೋಡೌನಿನಲ್ಲಿ ಕಲಿತ ಕನ್ನಡದಲ್ಲಿ ಸಾರ್, ಮೇಡಂ ಎಂದು ತಡವರಿಸಿದ. ಲ್ಯಾನ್ಸಿ ಅವನ ಹೆಗಲ ಮೇಲೆ ಕೈ ಹಾಕಿ, ಹಾಡೋಕೆ ಕರೆಯೋಕೆ ಬಂದಿದೀವಿ ಗುರು ಎಂದ. ಬಿನಯ್ ನಂಬದೆ ರೆಜಿನಾಳ ಕಡೆ ತಿರುಗಿದ.

"ನಮಗೂ ಬಿಡ್ತಾರಾ, ಅಕ್ಕ?"

"ಬಿಡೋದೇನು ಬಂತು? ನೀವು ಬರದಿದ್ರೆ ಈ ಸಲ ಕ್ಯಾರಲ್ಲೇ ಇಲ್ಲ ಕಣೋ."

ಅವನು ಬಂದ. ಅವನ ರೂಮಿನವರು ಬಂದರು, ಅವರ ಹಿಂದೆ ದೀಪಾಂಜಲಿ ನಗರದ ಹಾಸ್ಟೆಲಿನಿಂದ ಅದೇ ಸೀಮೆಯ ನರ್ಸ್ ಹುಡುಗಿಯರು ಬಂದರು. ಕನ್ನಡ ಹಾಡುಗಳನ್ನು ಹಿಂದಿ ಅಕ್ಷರದಲ್ಲಿ ಬರೆದುಕೊಂಡು, ಳಕಾರ ಬಂದಲ್ಲೆಲ್ಲ ಎಡವಿ ನಕ್ಕು ಕಲಿತರು. ಬಿನಯ್ ಬಣ್ಣದ ಖಾಲಿ ಡಬ್ಬವನ್ನೇ ಡೋಲು ಮಾಡಿಕೊಂಡ. ಆ ಸುದ್ದಿ ಕಿವಿಗೆ ಬಿದ್ದು ಹಳಬರೂ ಒಬ್ಬೊಬ್ಬರಾಗಿ ಇಣುಕತೊಡಗಿದರು. ಫಾದರ್ ಜಗುಲಿಯಲ್ಲಿ ನಿಂತು ಕೇಳಿದರು. ಆಟೋ ವಿಷಯ ಮತ್ತೆ ಎತ್ತಲಿಲ್ಲ. ಮೊದಲು ಕಾರ್ಡಿಲ್ಲದ ಮನೆಗೆ ಹೋಗುತ್ತೇವೆ ಎಂದು ರೆಜಿನಾ ಹಟ ಹಿಡಿದಾಗ ತಲೆ ಕೆರೆದುಕೊಂಡು, ಬಾಲ ಯೇಸುವಿನ ಪ್ರತಿಮೆಯನ್ನು ಅವಳ ಕೈಗಿಟ್ಟರು.

ಕ್ಯಾರಲ್ ದಿನ ಕತ್ತಲಾಗುತ್ತಲೇ ಗುಂಪು ಗೋಡೌನಿನ ಹಿಂದಕ್ಕೆ ಬಂದು ನಿಂತಿತು. ಲ್ಯಾನ್ಸಿ ತಂತಿ ಮೀಟಿದವನು ಥಟ್ಟನೆ ನಿಲ್ಲಿಸಿದ. ಬಾಗಿಲಿಗೆ ಬೀಗ. ರೂಮಿನಲ್ಲಿರುವವರೆಲ್ಲ ಇಲ್ಲೇ, ಹಾಡಲು ನಿಂತಿದ್ದಾರೆ. ಹಾಡು ಕೇಳಿ ಬಾಗಿಲು ತೆಗೆದು ಪ್ರತಿಮೆಯನ್ನು ಬರಮಾಡಿಕೊಳ್ಳಬೇಕಾದವರೇ ಇಲ್ಲ. ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ರೆಜಿನಾಳಿಗೆ ನಗು ಬರಲಿಲ್ಲ. ಇಷ್ಟು ವರ್ಷ ಈ ಬಾಗಿಲ ಮುಂದೆ ಯಾರೂ ಹಾಡಿರಲಿಲ್ಲ.

"ಬಿನಯ್, ಒಳಗೆ ಹೋಗು," ಎಂದಳು. "ನಾವು ಹಾಡ್ತೀವಿ. ಆಮೇಲೆ ತೆಗಿ."

ಅವನಿಗೆ ಅರ್ಥವಾಯಿತು. ಡಬ್ಬವನ್ನು ಪಕ್ಕದವನಿಗೆ ಕೊಟ್ಟು, ಬೀಗ ತೆಗೆದು ಒಳಗೆ ಹೋಗಿ ಚಿಲಕ ಹಾಕಿಕೊಂಡ. ಹಾಡು ಶುರುವಾಯಿತು. ಕನ್ನಡದ ಚರಣ ಮುಗಿದ ಮೇಲೆ ನರ್ಸ್ ಹುಡುಗಿಯರು ತಮ್ಮ ಭಾಷೆಯದನ್ನು ಎತ್ತಿಕೊಂಡರು. ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕು ಬಂತು. ಒಳಗೆ ಪಾತ್ರೆ ಸರಿಸಿದ, ಚಾಪೆ ಕೊಡವಿದ ಸದ್ದು. ಹಾಡು ಮುಗಿದರೂ ಅವನು ತೆಗೆಯಲಿಲ್ಲ. ಎಲ್ಲರೂ ಕಾದರು.

ಚಿಲಕ ಸರಿಯಿತು. ಬಿನಯ್ ತಲೆಗೆ ನೀರು ಹಚ್ಚಿ ಬಾಚಿಕೊಂಡಿದ್ದ, ಅಂಗಿಯ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡಿದ್ದ. ಹೊಸಿಲಲ್ಲಿ ನಿಂತವರನ್ನು ಇವತ್ತೇ ಮೊದಲು ಕಂಡವನಂತೆ ಒಬ್ಬೊಬ್ಬರನ್ನೇ ನೋಡಿದ. ಆಮೇಲೆ ಎರಡೂ ಕೈ ಚಾಚಿದ.

"ಬನ್ನಿ," ಎಂದ. "ನಮ್ಮ ಮನೆ."