ಎತ್ತಿನ ಪಾಲು

ತರಕಾರಿಯವಳು ಗೋಣಿಚೀಲವನ್ನು ಮೂರನೇ ಮಹಡಿಯವರೆಗೆ ಎಳೆದು ತಂದು ಬಾಗಿಲೊಳಗೆ ಇಳಿಸಿದಳು. ನಡುಮನೆಯಲ್ಲಿ ಹೆಣ ಮಲಗಿತ್ತು, ಸುತ್ತ ನೆಂಟರಿದ್ದರು. ಸತ್ತವಳ ಮುಖ ನೋಡಿ ಅವಳು ಕಣ್ಣೊರೆಸಿಕೊಂಡಳು.

ಸತ್ತವಳ ಗಂಡ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಬಂದವರಿಗೆಲ್ಲ ಹೇಳಿದ್ದನ್ನೇ ಹೇಳುತ್ತಿದ್ದ. ಮೂವತ್ತೈದು ವರ್ಷದಲ್ಲಿ ತನ್ನ ಮನೆಗೆ ಬಾಡಿದ ಸೊಪ್ಪು ಬಂದಿಲ್ಲವಂತೆ, ಹೆಂಡತಿ ಮಕ್ಕಳಿಗೆ ತಾನು ಏನೂ ಕಡಿಮೆ ಮಾಡಿಲ್ಲವಂತೆ. ಮನೆಖರ್ಚಿಗೆ ಅವನು ಕೊಡುತ್ತಿದ್ದದ್ದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆದರೂ ನೆಂಟರು ತಲೆದೂಗಿದರು. ಎಲ್ಲರೂ ಈ ಮನೆಯಲ್ಲಿ ಉಂಡು ತೇಗಿದವರೇ.

"ಎತ್ತು ಎಲ್ಲಿದೆಯಮ್ಮಾ?" ಎಂದು ತರಕಾರಿಯವಳು ಸತ್ತವಳ ಮಗಳನ್ನು ಕೇಳಿದಳು. "ಕೆಳಗೆಲ್ಲ ಹುಡುಕಿದೆ, ಕೊಟ್ಟಿಗೇನೇ ಕಾಣಲಿಲ್ಲ. ಅಮ್ಮ ಹೋದ್ರು ಅಂತ ಅದರ ಹೊಟ್ಟೆ ಸುಮ್ಮನಿರುತ್ತಾ?"

ಮಗಳು ತಟ್ಟನೆ ಅಪ್ಪನ ಕಡೆ ನೋಡಿದಳು. ಇದೊಂದು ದಿನ ಕಳೆದಿದ್ದರೆ ಅಮ್ಮನ ಗುಟ್ಟು ಅಮ್ಮನ ಜೊತೆಗೇ ಹೋಗುತ್ತಿತ್ತು.

*

ಇದು ಶುರುವಾದಾಗ ಮಗಳಿಗೆ ಒಂಬತ್ತು ವರ್ಷ. ಊಟಕ್ಕೆ ಒಂದೇ ತರಕಾರಿಯೇ ಎಂದು ಅಪ್ಪ ತಟ್ಟೆಯನ್ನೂ ಅಮ್ಮನನ್ನೂ ಒದ್ದಿದ್ದ. ಮರುದಿನ ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಅಮ್ಮ ಅವಳನ್ನು ಕರೆದುಕೊಂಡು ಹೋಗಿ ಕೋಸಿನ ಹೊರಗಿನ ಎಲೆ, ಮೂಲಂಗಿ ಸೊಪ್ಪು, ಒಂದು ಬದಿ ಕೊಳೆತ ಟೊಮೆಟೊ ಕೇಳಿ ತಂದಳು. ಯಾಕೆಂದು ಕೇಳಿದ ತರಕಾರಿಯವಳಿಗೆ, ಎತ್ತಿಗೆ ಎಂದಳು.

ದಾರಿಯಲ್ಲಿ ಮಗಳು ಸುಳ್ಳು ಯಾಕೆ ಹೇಳಿದೆ ಎಂದು ಕೇಳಿದಳು.

"ಮನುಷ್ಯರಿಗೆ ಅಂದ್ರೆ ತಕ್ಕಡಿ ಹಿಡೀತಾರೆ ಪುಟ್ಟಿ. ಎತ್ತಿಗೆ ಅಂದ್ರೆ ಕೈತುಂಬ ಕೊಡ್ತಾರೆ. ಅಪ್ಪಂಗೆ ಮಾತ್ರ ಯಾವತ್ತೂ ಗೊತ್ತಾಗಬಾರದು."

ಕೊಳೆತದ್ದನ್ನು ಚಾಕುವಿನ ತುದಿಯಿಂದ ಕೆತ್ತಿ, ಎಲೆಗಳನ್ನು ಉಪ್ಪುನೀರಿನಲ್ಲಿ ತೊಳೆದು, ದಂಟಿನ ನಾರು ಬಿಡಿಸಿ ಅಮ್ಮ ಮೂರು ಬಗೆ ಮಾಡಿದಳು. ಅಪ್ಪ ಬೆರಳು ನೆಕ್ಕಿಕೊಂಡು, ಒದೆ ಬಿದ್ದ ಮೇಲೆ ಇವಳಿಗೆ ಅಡುಗೆ ಬಂತು ಎಂದ.

*

"ಎತ್ತು ಸತ್ತುಹೋಯ್ತು," ಎಂದಳು ಮಗಳು.

ಅವಳ ಅಣ್ಣನಿಗೆ ಏನೂ ಗೊತ್ತಿರಲಿಲ್ಲ. ಮೂರನೇ ಮಹಡಿಯಲ್ಲಿ ಎತ್ತು ಕಟ್ಟುತ್ತಾರೇನು, ಈ ಮನೆಯಲ್ಲಿ ಯಾವತ್ತೂ ಎತ್ತಿರಲಿಲ್ಲ ಎಂದು ನಕ್ಕ.

ತರಕಾರಿಯವಳಿಗೆ ರೇಗಿತು. "ಇಪ್ಪತ್ತು ವರ್ಷದಿಂದ ಕೊಡ್ತಿದೀನಪ್ಪಾ. ಒಂದು ಎತ್ತು, ಎರಡು ಕರು ಅಂತಿದ್ರು. ಕರುಗಳು ಪಾಪದವು, ಎತ್ತಿಗೆ ಮಾತ್ರ ಹೊತ್ತಿಗೆ ಸರಿಯಾಗಿ ಮುಂದಿಡದಿದ್ರೆ ಒದೆಯುತ್ತೆ ಅಂತ ಮೊಣಕಾಲಿನ ಗಾಯಾನೂ ತೋರಿಸಿದ್ರು."

ಸೋದರತ್ತೆ ಚೀಲದೊಳಗೆ ಇಣುಕಿ, ಹಾಗಾದರೆ ಇಷ್ಟು ವರ್ಷ ತಾವು ತಿಂದದ್ದು ಏನು ಎಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಎಲ್ಲರೂ ಕುರ್ಚಿಯ ಕಡೆ ನೋಡಿದರು.

ಅಪ್ಪ ಎದ್ದ. ಎರಡು ಹೆಜ್ಜೆ ಬಂದು ಚೀಲವನ್ನು ಬಲಗಾಲಿನಿಂದ ಜಾಡಿಸಿ ಒದ್ದ. ಎಲೆಗಳು ಹೆಣದ ಪಾದದವರೆಗೂ ಚೆಲ್ಲಿದವು.

ತರಕಾರಿಯವಳು ಹಿಂದೆ ಸರಿದು ಗೋಡೆಗೆ ಒತ್ತಿಕೊಂಡಳು. ಅವನ ಕಾಲನ್ನೇ ನೋಡಿದಳು. ಎತ್ತು ಎಲ್ಲಿ ಎಂದು ಮತ್ತೆ ಕೇಳಲಿಲ್ಲ.

ಅಪ್ಪ ಮಗಳ ಕಡೆ ತಿರುಗಿ, ಮಣ್ಣು ಮಾಡಿ ಬಂದ ಮೇಲೆ ಇಷ್ಟು ಜನಕ್ಕೆ ಊಟಕ್ಕೇನಿದೆ ಎಂದ. ಮಗಳು ನೆಲಕ್ಕೆ ಕೂತು, ಅಮ್ಮನ ಕಾಲಬುಡದಿಂದ ಒಂದೊಂದೇ ಎಲೆ ಎತ್ತಿ, ಚೆನ್ನಾಗಿರುವುದನ್ನು ಮಡಿಲಿಗೆ ಹಾಕಿಕೊಳ್ಳತೊಡಗಿದಳು.